ಭಾರದ ಮೈಗೆ ಗಿಡ್ಡ ದೋಣಿ

ದೋಣಿ ಆರಿಸುವಾಗ ದಪ್ಪ ಮೈಯವರಿಗೆ ಸಿಗುವಷ್ಟು ಸಲಹೆ ಬೇರೆ ಯಾರಿಗೂ ಸಿಗುವುದಿಲ್ಲ. ‘ನಿಮ್ಮ ತೂಕಕ್ಕೆ ಉದ್ದದ ದೋಣಿಯೇ ಬೇಕು’ ಎನ್ನುವವರು ಒಬ್ಬರು. ‘ಗಿಡ್ಡ ದೋಣಿ ತೆಳ್ಳಗಿನ ಹುಡುಗರಿಗೆ, ನೀವು ಹತ್ತಿದರೆ ಅದು ತಳ ಸೇರುತ್ತದೆ’ ಎನ್ನುವವರು ಇನ್ನೊಬ್ಬರು. ‘ನಿಮಗೇಕೆ ಈ ಉಸಾಬರಿ, ದಡದಲ್ಲೇ ಕುಳಿತು ನಮ್ಮ ಬಟ್ಟೆ, ಚಪ್ಪಲಿ, ಫೋನು ನೋಡಿಕೊಳ್ಳಿ’ ಎನ್ನುವವರು ಮೂರನೆಯವರು. ಈ ಮೂರನೆಯ ಸಲಹೆಗೆ ತಲೆಬಾಗಿ ನೀರಿನ ಆಟವನ್ನೇ ಬಿಟ್ಟು ಕುಳಿತವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ.

ಮೊದಲಿನ ಎರಡು ಸಲಹೆಗಳು ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯಲು ಕನಕಪುರದಿಂದ ಸಂಗಮದ ದಾರಿ ಹಿಡಿದರೆ ಸಾಕು.

ನಂದಿಬೆಟ್ಟದ ಕಡೆಯಿಂದ ಹೊರಟ ಅರ್ಕಾವತಿ ಮಾಗಡಿ ಸೀಮೆಯ ಮಂಚನಬೆಲೆ ಜಲಾಶಯವನ್ನು ತುಂಬಿ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮೇಕೆದಾಟಿಗೆ ಹೋಗಬೇಕಾದರೆ ಹೊಳೆ ದಾಟಬೇಕು. ನೀರು ಕಡಿಮೆಯಿದ್ದಾಗ ಕಾಲ್ನಡಿಗೆ, ಹದವಾಗಿದ್ದಾಗ ಹರಿಗೋಲು. ಮಂದಿ ಒಬ್ಬೊಬ್ಬರಾಗಿ ಹತ್ತುತ್ತಿರುವಾಗ ಅಂಬಿಗ ಯಾರ ತೂಕವನ್ನೂ ಕೇಳುವುದಿಲ್ಲ. ಕಣ್ಣಳತೆಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಾನೆ. ‘ಸಾರ್, ನೀವು ಈ ಕಡೆ ಕೂತ್ಕೊಳಿ. ಅಕ್ಕಾ, ಮಕ್ಕಳನ್ನ ಕರ್ಕೊಂಡು ನೀವು ಆ ಕಡೆ ಬನ್ನಿ’ ಎಂದು ಕೂರಿಸುತ್ತಾನೆ. ದಪ್ಪಗಿರುವ ಸಾರ್ ಸಂಕೋಚದಿಂದ ನಗುತ್ತಾರೆ, ಉಳಿದವರು ಜೋರಾಗಿ ನಗುತ್ತಾರೆ. ಆದರೆ ಅಂಬಿಗ ತಮಾಷೆ ಮಾಡುತ್ತಿಲ್ಲ. ದೋಣಿಯ ಶಾಸ್ತ್ರದಲ್ಲಿ ಅರ್ಧ ಭಾಗ ಆ ಒಂದು ಮಾತಿನಲ್ಲಿದೆ.

ಇಷ್ಟೆಲ್ಲ ಜನ ಕುಳಿತ ಆ ದೋಣಿಯ ಉದ್ದವೆಷ್ಟು? ಉದ್ದವೆಂಬುದೇ ಇಲ್ಲ. ಈ ಅಂಚಿನಿಂದ ಆ ಅಂಚಿಗೆ ಆರೋ ಏಳೋ ಅಡಿ, ಅಷ್ಟೆ. ಸೀಳಿದ ಬಿದಿರಿನಿಂದ ಬುಟ್ಟಿಯಂತೆ ಹೆಣೆದು, ಹಿಂದೆ ದನದ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುವುದು ಬಂತು. ಫೈಬರಿನ ಹರಿಗೋಲುಗಳೂ ಬಂದಿವೆ. ಆಕಾರ ಮಾತ್ರ ಬದಲಾಗಿಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಬುಟ್ಟಿದೋಣಿಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಆದರೆ ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರದಿ. ಗಿಡ್ಡ ದೋಣಿಯ ಗುಣ, ದೋಷ ಎರಡೂ ಅದರಲ್ಲಿ ಬಂದುಬಿಟ್ಟಿವೆ. ಹೊರುವುದರಲ್ಲಿ ಅದು ಎತ್ತು. ನೇರ ನಡೆಯುವುದರಲ್ಲಿ ಕುಡುಕ.

ಲೆಕ್ಕ ಹೇಳುವುದೇನು?

ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ಸೂತ್ರವನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಚದರ ಅಡಿ ಜಾಗದಲ್ಲಿ ಒಂದು ಅಂಗುಲ ಎತ್ತರಕ್ಕೆ ನಿಂತ ನೀರಿನ ತೂಕ ಸುಮಾರು 2.36 ಕೆ.ಜಿ. ದೋಣಿ ನೀರಿನ ಮೇಲೆ ಎಷ್ಟು ಚದರ ಅಡಿ ಹರಡಿಕೊಂಡಿದೆಯೋ ಅದನ್ನು ಇದರಿಂದ ಗುಣಿಸಿದರೆ, ಒಂದು ಅಂಗುಲ ಇಳಿಯಲು ಎಷ್ಟು ಭಾರ ಬೇಕು ಎಂಬುದು ಸಿಗುತ್ತದೆ.

ಏಳು ಅಡಿ ಅಗಲದ ಹರಿಗೋಲನ್ನು ತೆಗೆದುಕೊಳ್ಳಿ. 22/7 ಹಿಡಿದು ಲೆಕ್ಕ ಮಾಡಿದರೆ ಅದರ ವೃತ್ತ 38.5 ಚದರ ಅಡಿ. ಅಂದರೆ ಅದು ಒಂದು ಅಂಗುಲ ಇಳಿಯಬೇಕಾದರೆ 90 ಕೆ.ಜಿ. ಬೇಕು. ಅದರ ತಳ ಬಾಣಲೆಯಂತೆ ಅಂಚಿನಲ್ಲಿ ಮೇಲಕ್ಕೆ ಬಾಗಿರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇಳಿಯುತ್ತದೆ. ಹೋಲಿಕೆಗೆ ಇಷ್ಟು ಸಾಕು. ಈಗ ನೊರೆನೀರಿನಲ್ಲಿ ಒಬ್ಬರೇ ಆಡುವ 11 ಅಡಿ ಉದ್ದದ, ನಡುವೆ 28 ಅಂಗುಲ ಅಗಲದ ಒಂದು ಕ್ಯಾನೋ ದೋಣಿ ನೋಡಿ. ಎರಡೂ ತುದಿ ಚೂಪಾಗಿರುವುದರಿಂದ ನೀರಿನ ಮೇಲೆ ಅದು ಹರಡಿಕೊಳ್ಳುವುದು ಹೆಚ್ಚೆಂದರೆ 17 ಚದರ ಅಡಿ. ಅದು 40 ಕೆ.ಜಿ.ಗೇ ಒಂದು ಅಂಗುಲ ಇಳಿಯುತ್ತದೆ. ಇಬ್ಬರು ಕೂರುವ, 16 ಅಡಿ ಉದ್ದ, 34 ಅಂಗುಲ ಅಗಲದ ದೊಡ್ಡ ಕ್ಯಾನೋಗೂ ಈ ಲೆಕ್ಕ 70 ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಏಳು ಅಡಿಯ ಬುಟ್ಟಿಯ ಮುಂದೆ ಹದಿನಾರು ಅಡಿಯ ದೋಣಿ ಹಿಂದೆ ಬಿತ್ತು!

ಹಾಗಾದರೆ ಭಾರ ಹೊರುವುದು ಉದ್ದವಲ್ಲ. ನೀರಿನ ಮೇಲಿನ ಹರವು ಹೊರುತ್ತದೆ, ದೋಣಿಯ ಹೊಟ್ಟೆ ಹೊರುತ್ತದೆ. ಉದ್ದದ ಕೆಲಸವೇ ಬೇರೆ: ವೇಗ ಕೊಡುವುದು, ನೇರ ನಡೆಸುವುದು. ‘ಭಾರದವರಿಗೆ ಉದ್ದದ ದೋಣಿ’ ಎಂಬ ಸಲಹೆ ಹುಟ್ಟಿದ್ದು ಒಂದೇ ಅಗಲದ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ. ಆಗ ಉದ್ದದ್ದೇ ಹೆಚ್ಚು ಹೊರುತ್ತದೆ, ನಿಜ. ಆದರೆ ಅಗಲ, ಆಳಗಳನ್ನು ಹೆಚ್ಚಿಸಿ ಉದ್ದ ಕಡಿಮೆ ಮಾಡಿದರೆ ಮಾತೇ ಬದಲಾಗುತ್ತದೆ.

ಉದ್ದ ಕಡಿಮೆ ಮಾಡುವುದೇಕೆ? ಆಟಕ್ಕಾಗಿ. ಚನ್ನಪಟ್ಟಣದ ಬುಗುರಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಡು ಹೊಟ್ಟೆಯ ಬುಗುರಿ ಒಂದು ಚಾಟಿಗೆ ಗಿರ್ರನೆ ತಿರುಗುತ್ತದೆ. ಅದೇ ತೂಕದ ಉದ್ದನೆಯ ಕೋಲನ್ನು ತಿರುಗಿಸಲು ತೋಳು ನೋಯಬೇಕು. ಬಂಡೆಗಳ ನಡುವೆ ನುಗ್ಗುವ ನೀರಿನಲ್ಲಿ ದೋಣಿ ಕ್ಷಣಕ್ಕೊಮ್ಮೆ ತಿರುಗಬೇಕು. ಬಂಡೆಯ ಮರೆಯಲ್ಲಿ ನಿಂತ ನೀರಿನ ಪುಟ್ಟ ಜಾಗಕ್ಕೆ ಸರಕ್ಕನೆ ನುಸುಳಬೇಕು. ಅಲ್ಲಿ ಉಸಿರು ತೆಗೆದುಕೊಂಡು ಮತ್ತೆ ಹರಿವಿಗೆ ಇಳಿಯಬೇಕು. ಅಲೆಯ ಬೆನ್ನೇರಿ ಅಲ್ಲೇ ತೂಗಾಡಬೇಕು. ಉದ್ದದ ದೋಣಿಗೆ ಇವು ಕಷ್ಟ. ಎರಡು ಬಂಡೆಗಳ ನಡುವೆ ಅಡ್ಡವಾಗಿ ಸಿಕ್ಕಿಕೊಳ್ಳುವ ಅಪಾಯವೂ ಅದಕ್ಕೇ ಹೆಚ್ಚು.

ಅಮೆರಿಕದಲ್ಲಿ ಈ ಆಟ ಬೆಳೆದ ಬಗೆಯೂ ಇದನ್ನೇ ಹೇಳುತ್ತದೆ. 1970ರ ದಶಕದಲ್ಲಿ 16 ಅಡಿಯ ದೋಣಿಗಳಲ್ಲೇ ನೊರೆನೀರಿಗೆ ಇಳಿಯುತ್ತಿದ್ದವರು ಮುಂದೆ 13 ಅಡಿಗೆ ಬಂದರು, 1990ರ ದಶಕದಲ್ಲಿ 11–12 ಅಡಿಗೆ ಇಳಿದರು. ಆಮೇಲೆ ಹತ್ತು ಅಡಿಗೂ ಕಡಿಮೆಯ ದೋಣಿಗಳು ಬಂದವು. ಒಲಿಂಪಿಕ್ಸ್‌ನಲ್ಲಿ 1972ರಲ್ಲಿ ಮೊದಲು ಕಾಣಿಸಿಕೊಂಡು 1992ರಿಂದ ನೆಲೆನಿಂತ ಸ್ಲಾಲಮ್ ಸ್ಪರ್ಧೆಯಲ್ಲೂ ಒಬ್ಬರ ದೋಣಿಯ ಕನಿಷ್ಠ ಉದ್ದವನ್ನು 4 ಮೀಟರಿನಿಂದ 3.5 ಮೀಟರಿಗೆ ಇಳಿಸಲಾಯಿತು. ಹೀಗೆ ಗಿಡ್ಡವಾಗುತ್ತಾ, ಹೊಟ್ಟೆ ಬೆಳೆಸಿಕೊಳ್ಳುತ್ತಾ ಹೋದ ಪಡುವಣದ ದೋಣಿ ನಮ್ಮ ಹರಿಗೋಲಿನ ದಿಕ್ಕಿಗೇ ನಡೆದು ಬಂದಿದೆ ಎಂದರೆ ತಪ್ಪಾಗಲಾರದು.

ಒಂದು ಅಂಗುಲದ ಬೆಲೆ

ಆದರೆ ಇಲ್ಲೊಂದು ಹಳ್ಳವಿದೆ. ಗಿಡ್ಡ ದೋಣಿಗಳಲ್ಲಿ ಬಹಳಷ್ಟನ್ನು 70–80 ಕೆ.ಜಿ.ಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡುತ್ತಾರೆ. ಮೇಲಿನ 11 ಅಡಿಯ ದೋಣಿಯನ್ನೇ ನೋಡಿ. ದೋಣಿಯ ಸ್ವಂತ ತೂಕ 25 ಕೆ.ಜಿ. ಎಂದಿಟ್ಟುಕೊಂಡರೆ, 65 ಕೆ.ಜಿ.ಯವರು ಕುಳಿತಾಗ ಅದು ಎರಡೂಕಾಲು ಅಂಗುಲ ಇಳಿಯುತ್ತದೆ, 110 ಕೆ.ಜಿ.ಯವರು ಕುಳಿತಾಗ ಮೂರು ಅಂಗುಲ ದಾಟುತ್ತದೆ. ‘ಒಂದು ಅಂಗುಲ ತಾನೇ’ ಎನ್ನಬಹುದು. ಕೆರೆಯಲ್ಲಾದರೆ ಹೌದು, ಒಂದು ಅಂಗುಲ ತಾನೇ. ನೊರೆನೀರಿನಲ್ಲಿ ಆ ಒಂದು ಅಂಗುಲವೇ ಎಲ್ಲ.

ಮೇಲಕ್ಕೆ ಬಾಗಿದ್ದ ಮೂತಿ ನೀರಿಗೆ ಹತ್ತಿರವಾಗುತ್ತದೆ. ಪ್ರತಿ ಅಲೆಯೂ ಒಂದು ಸೌಟು ನೀರನ್ನು ಒಳಗೆ ಬಡಿಸಿ ಹೋಗುತ್ತದೆ. ಹತ್ತು ಲೀಟರ್ ನೀರೆಂದರೆ ಮತ್ತೆ ಹತ್ತು ಕೆ.ಜಿ. ಆ ನೀರು ಒಂದೆಡೆ ನಿಲ್ಲದೆ ಆ ಪಕ್ಕಕ್ಕೂ ಈ ಪಕ್ಕಕ್ಕೂ ಜಾರುತ್ತದೆ. ದೋಣಿಯ ಅಂಚು ತಗ್ಗಿದ್ದರೆ ಪಕ್ಕದಿಂದ ಬಂದ ಹರಿವು ಅದನ್ನು ಹಿಡಿದು ಮಗುಚಿಹಾಕುತ್ತದೆ. ಅದೇ ದೋಣಿಯಲ್ಲಿ ತೆಳ್ಳಗಿನ ಗೆಳೆಯ ನಗುನಗುತ್ತಾ ದಾಟಿಹೋದ ಜಾಗದಲ್ಲಿ ದಪ್ಪಗಿನವರು ಮೂರು ಸಲ ನೀರು ಕುಡಿಯುತ್ತಾರೆ. ಆಮೇಲೆ ‘ನನ್ನ ಮೈಯೇ ಸರಿಯಿಲ್ಲ’ ಎಂದುಕೊಂಡು ದಡ ಸೇರುತ್ತಾರೆ. ಮೈ ಸರಿಯಾಗಿಯೇ ಇತ್ತು. ಬೇರೆಯವರ ಅಳತೆಯ ಅಂಗಿ ತೊಡಿಸಿದ್ದರು, ಅಷ್ಟೆ.

ಅಸಲಿಗೆ ತೂಕ ಈ ಆಟದಲ್ಲಿ ಶಾಪವೇನಲ್ಲ. ಭಾರವಾದ ಆಳು ಅಲೆಗೆ ಎದುರಾದಾಗ ಹಗುರ ಆಳಿನಷ್ಟು ಸುಲಭವಾಗಿ ಹಿಂದಕ್ಕೆ ತಳ್ಳಿಸಿಕೊಳ್ಳುವುದಿಲ್ಲ. ಸೊಂಟವನ್ನು ತುಸು ಓರೆ ಮಾಡಿದರೂ ದೋಣಿ ಮಾತು ಕೇಳುತ್ತದೆ. ಹೊಂದುವ ದೋಣಿ ಸಿಕ್ಕಬೇಕು, ಅಷ್ಟೆ.

ಆರಿಸುವುದು ಹೇಗೆ?

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಆರಿಸುವಂತೆ ಕ್ಯಾನೋ ಆರಿಸಲು ಬರುವುದಿಲ್ಲ, ನಿಜ. ಆದರೆ ಕೊಳ್ಳುವವರಿಗೂ, ಎಲ್ಲೋ ಒಂದು ಶಿಬಿರದಲ್ಲಿ ಬಾಡಿಗೆಗೆ ಹತ್ತುವವರಿಗೂ ಕೇಳಬೇಕಾದ ಪ್ರಶ್ನೆಗಳು ಒಂದೇ.

ಮೊದಲನೆಯದು, ‘ಎಷ್ಟು ಅಡಿ’ ಎಂದು ಕೇಳುವ ಬದಲು ‘ಎಷ್ಟು ಕೆ.ಜಿ.ಗೆ ಮಾಡಿದ್ದು’ ಎಂದು ಕೇಳಿ. ತಯಾರಕರು ಗರಿಷ್ಠ ಭಾರ ಎಂದು ಬರೆಯುವ ಅಂಕಿ ಮುಳುಗದಿರುವ ಲೆಕ್ಕ, ಆಡುವ ಲೆಕ್ಕವಲ್ಲ. ಆಟಕ್ಕೆ ಹಿತವಾದ ತೂಕ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ, ಕೇಳಬೇಕಾದದ್ದು ಅದನ್ನು. ನಿಮ್ಮ ತೂಕಕ್ಕೆ ಒದ್ದೆ ಬಟ್ಟೆ, ಜಾಕೆಟ್ಟು, ಹೆಲ್ಮೆಟ್ಟು, ಬುತ್ತಿ, ನೀರಿನ ಬಾಟಲಿ ಸೇರಿಸಿ ಇನ್ನೊಂದು ಹತ್ತು ಕೆ.ಜಿ. ಕೂಡಿಸಿಕೊಳ್ಳಿ.

ಎರಡನೆಯದು, ದೋಣಿಯನ್ನು ಮೇಲಿನಿಂದ ನೋಡಿ. ನಡುವಿನ ಅಗಲ ಎಷ್ಟು ದೂರದವರೆಗೆ ಹಾಗೇ ಉಳಿದಿದೆ? ನಡುವೆ ಮಾತ್ರ ಅಗಲವಾಗಿ ಸರಕ್ಕನೆ ಚೂಪಾದರೆ ಮೂತಿ ಮುಳುಗುತ್ತದೆ. ತುದಿಗಳು ಮೊಂಡಾಗಿ, ತುಂಬಿಕೊಂಡಿದ್ದರೆ ಅಲೆಯಿಂದ ಎದ್ದು ಬರುತ್ತದೆ. ಆದರೆ ಅಗಲಕ್ಕೂ ಮಿತಿಯಿದೆ. ಕುಳಿತಲ್ಲಿಂದ ಹುಟ್ಟು ನೆಟ್ಟಗೆ ನೀರಿಗೆ ಇಳಿಯಬೇಕು. ತೋಳು ಚಾಚಿ ಒದ್ದಾಡುವಷ್ಟು ಅಗಲವಾದರೆ ಅದು ಹರಿಗೋಲೇ ಆದಂತೆ. ಹರಿಗೋಲಿನ ಅಂಬಿಗನಂತೆ ಮುಂದಿನ ಅಂಚಿಗೆ ಹೋಗಿ ಕುಳಿತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕಾಗುತ್ತದೆ.

ಮೂರನೆಯದು, ಸಪಾಟು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ಎರಡು ತುದಿಗಳೂ ನೆಲದಿಂದ ನಾಲ್ಕು ಐದು ಅಂಗುಲ ಎದ್ದಿದ್ದರೆ ಅದು ಆಡುವ ದೋಣಿ. ಒಂದು ತುದಿಯನ್ನು ಪಕ್ಕಕ್ಕೆ ನೂಕಿದರೆ ಬುಗುರಿಯಂತೆ ತಿರುಗಬೇಕು. ಪಕ್ಕದ ಗೋಡೆಯ ಎತ್ತರವನ್ನೂ ನೋಡಿ. ದಪ್ಪ ಮೈಯವರಿಗೆ ಆಳದ ದೋಣಿ ಲೇಸು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕ್ಯಾನೋದಲ್ಲಿ ಮಂಡಿಯೂರಿ ಕೂರುತ್ತಾರೆ. ಭಾರ ತಗ್ಗಿನಲ್ಲಿದ್ದಷ್ಟೂ ದೋಣಿ ಸ್ಥಿರ. ಆದರೆ ಪೀಠದ ಕೆಳಗೆ ಪಾದಗಳು ಸಿಕ್ಕಿಕೊಳ್ಳಬಾರದು, ತೊಡೆಗಳನ್ನು ಬಿಗಿಯುವ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ದೋಣಿ ಮಗುಚಿದಾಗ ಮನುಷ್ಯ ಹೊರಗೆ ಬೀಳಬೇಕು. ಒಳಗೆ ಉಳಿದರೆ ಆಟವಲ್ಲ, ಆಪತ್ತು. ತೆಳ್ಳಗಿನವರಿಗೆ ಸಲೀಸಾದ ಜಾಗ ದಪ್ಪ ತೊಡೆ, ದೊಡ್ಡ ಪಾದದವರಿಗೆ ಬಿಗಿಯಾಗಬಹುದು. ಆದ್ದರಿಂದ ನಿಂತ ನೀರಿನಲ್ಲಿ, ಎದೆಮಟ್ಟದ ಜಾಗದಲ್ಲಿ, ಪಕ್ಕದಲ್ಲಿ ಬಲ್ಲವರನ್ನು ನಿಲ್ಲಿಸಿಕೊಂಡು ಬೇಕೆಂದೇ ಮಗುಚಿ ನೋಡಬೇಕು. ಹೊರಬರಲು ತಡವರಿಸಿದರೆ ಎಷ್ಟೇ ಚೆಂದದ ದೋಣಿಯಾದರೂ ಬೇಡ. ನೀರಿನಿಂದ ಮತ್ತೆ ಹತ್ತಲು ಬರುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ದೋಣಿಯ ಹಿಂದು ಮುಂದಿನ ಖಾಲಿ ಜಾಗದಲ್ಲಿ ಗಾಳಿಚೀಲ ತುಂಬಿಸಿದ್ದರೆ ಮಗುಚಿದಾಗ ಒಳಗೆ ನೀರು ಸೇರಲು ಜಾಗ ಉಳಿಯುವುದಿಲ್ಲ.

ಜೀವರಕ್ಷಕ ಜಾಕೆಟ್ಟಿನ ಮಾತೂ ಇಲ್ಲೇ ಬರಲಿ. ಅದನ್ನು ಆರಿಸುವಾಗ ನೋಡಬೇಕಾದ್ದು ಎದೆಯ ಸುತ್ತಳತೆ. ಗುಂಡಿ ಹಾಕಲು ಬಾರದ ಜಾಕೆಟ್ಟನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡು ಹೋಗುವುದೂ ಒಂದೇ, ಮನೆಯಲ್ಲಿ ಬಿಟ್ಟು ಹೋಗುವುದೂ ಒಂದೇ. ‘ನಿಮ್ಮ ಅಳತೆಯದು ಇಲ್ಲ’ ಎಂದರೆ ಅಂದಿನ ಸವಾರಿಯನ್ನು ಬಿಡುವುದೇ ಜಾಣತನ.

ಯಾವ ನೀರಿಗೆ ಯಾವ ದೋಣಿ?

ಗಿಡ್ಡ ದೋಣಿ ಎಲ್ಲ ಕಡೆಯೂ ಸಲ್ಲುವುದಿಲ್ಲ. ಮಂಚನಬೆಲೆಯ ಹಿನ್ನೀರಿನಂತಹ, ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯದಂತಹ ವಿಶಾಲವಾದ ನಿಂತ ನೀರಿನಲ್ಲಿ ಅದು ಬರೀ ಕಿರಿಕಿರಿ. ಎರಡು ಸಲ ಹುಟ್ಟು ಹಾಕಿದರೆ ಮೂತಿ ಪಕ್ಕಕ್ಕೆ ಹೊರಳುತ್ತದೆ, ಗಾಳಿ ಬಂದರೆ ಬೇರೆಲ್ಲೋ ಒಯ್ಯುತ್ತದೆ. ಅಂಥ ಕಡೆ ಉದ್ದದ ದೋಣಿಯೇ ಸರಿ. ಅಲ್ಲಿ ಹಿರಿಯರ ಸಲಹೆ ಪೂರ್ತಿ ನಿಜ. ಮಂಚನಬೆಲೆಯ ನೀರು ಮೇಲುನೋಟಕ್ಕೆ ಸಾಧುವಾಗಿ ಕಂಡರೂ ಈಜಲು ಇಳಿದ ಎಷ್ಟೋ ಮಂದಿಯನ್ನು ನುಂಗಿದೆ ಎಂಬುದನ್ನೂ ಮರೆಯಬಾರದು.

ಕನಕಪುರದ ಆಸುಪಾಸಿನ ಅರ್ಕಾವತಿ ಬೇರೆ ಕಾರಣಕ್ಕೆ ಆಟಕ್ಕೆ ಒಗ್ಗದು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಬಂದು ಸೇರುವುದು ಅದಕ್ಕೇ. ಮಗುಚಿ ನೀರು ಕುಡಿಯುವುದು ಈ ಆಟದಲ್ಲಿ ಇದ್ದದ್ದೇ ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬಂಡೆ, ಹರಿವು, ನಿಂತ ನೀರು ಮೂರೂ ಇರುವುದು ಕಾವೇರಿಯಲ್ಲಿ. ಸಂಗಮದಿಂದ ಮೇಲಕ್ಕೆ ಗಾಳಿಬೋರೆಯ ಕಡೆ ದಶಕಗಳ ಕಾಲ ವಿದೇಶಿ ಗಾಳಗಾರರು ಹರಿಗೋಲಿನಲ್ಲಿ ಕುಳಿತೇ ಮಹಶೀರ್ ಮೀನು ಹಿಡಿದು ಬಿಡುತ್ತಿದ್ದರು. ನೂರು ಕೆ.ಜಿ.ಯ ಸಾಹೇಬ, ಅವನ ಸರಂಜಾಮು, ದಾರದ ತುದಿಯಲ್ಲಿ ಜಗ್ಗುವ ದೊಡ್ಡ ಮೀನು ಎಲ್ಲವನ್ನೂ ಆ ಬುಟ್ಟಿ ತಾಳಿಕೊಂಡಿತ್ತು. ಆ ಗಾಳದ ಆಟ ಈಗ ನಿಂತಿದೆ. ಇದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಸೀಮೆ. ನೀರಿನಲ್ಲಿ ಮೊಸಳೆಯೂ ಉಂಟು. ಸ್ವಂತ ದೋಣಿ ಹೊತ್ತು ತಂದು ಮನಬಂದಲ್ಲಿ ಇಳಿಸುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಹೊಳೆ ಬಲ್ಲವರು ಜೊತೆಗೆ ಬೇಕು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹೊಳೆ ನೋಡನೋಡುತ್ತಲೇ ಏರುತ್ತದೆ. ಇನ್ನು ಕಾವೇರಿ ಬಂಡೆಗಳ ಇಕ್ಕಟ್ಟಿಗೆ ಧುಮುಕುವ ಮೇಕೆದಾಟು ಯಾವ ದೋಣಿಗೂ ಅಲ್ಲ; ಅದು ದಡದಲ್ಲಿ ನಿಂತು, ಅದೂ ಅಂಚಿನಿಂದ ದೂರ ನಿಂತು ನೋಡುವ ಜಾಗ. ನೊರೆನೀರಿನ ದೋಣಿಯಾಟವನ್ನೇ ಕಲಿಯಬೇಕೆನ್ನುವವರು ದಾಂಡೇಲಿಯ ಕಾಳಿಯಂತಹ ಕಡೆ ಬಲ್ಲವರ ಕೈಕೆಳಗೆ ಕಲಿಯುವುದು ಒಳ್ಳೆಯದು.

ತಲೆ ಎಣಿಸುವುದು ಸಾಲದು

ಕೊನೆಯದಾಗಿ, ಸ್ವಂತ ದೋಣಿಯ ಆಸೆಯಿಲ್ಲದೆ ಬರೀ ಹರಿಗೋಲು ಹತ್ತಿ ಬರುವ ನಮ್ಮನಿಮ್ಮಂಥವರಿಗೂ ಈ ಲೆಕ್ಕ ಬೇಕು. ನಮ್ಮಲ್ಲಿ ದೋಣಿಗೆ ‘ಆರು ಜನ’ ಎಂದು ತಲೆ ಎಣಿಸುವುದು ರೂಢಿ. ತಲಾ 50 ಕೆ.ಜಿ.ಯ ಆರು ಜನ ಎಂದರೆ 300 ಕೆ.ಜಿ.; ತಲಾ 90 ಕೆ.ಜಿ.ಯ ಆರು ಜನ ಎಂದರೆ 540. ಏಳು ಅಡಿಯ ಹರಿಗೋಲಿಗೆ ಇದು ಸುಮಾರು ಎರಡೂವರೆ ಅಂಗುಲದ ವ್ಯತ್ಯಾಸ. ಆರು ಅಡಿಯದಕ್ಕೆ ಮೂರೂವರೆ ಅಂಗುಲ. ಫೋಟೋ ತೆಗೆಯಲೆಂದು ಇಬ್ಬರು ಎದ್ದು ಒಂದೇ ಪಕ್ಕಕ್ಕೆ ಬಂದರೆ ಉಳಿದ ಅಂಚೂ ಹೋಯಿತು. ತಲೆಗಳ ಲೆಕ್ಕ ಎರಡು ಸಲವೂ ಸರಿಯಾಗಿಯೇ ಇರುತ್ತದೆ. ನೀರಿನ ಲೆಕ್ಕ ಮಾತ್ರ ಬೇರೆ.

ಆದ್ದರಿಂದ ಅಂಬಿಗ ‘ಸಾರ್, ನೀವು ಈ ಕಡೆ’ ಎಂದಾಗ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ, ಉಳಿದವರು ನಗಬೇಕಾಗಿಯೂ ಇಲ್ಲ. ಅವನು ಎಲ್ಲರ ಜೀವದ ಲೆಕ್ಕ ಹಾಕುತ್ತಿರುತ್ತಾನೆ. ಶಿಬಿರದಲ್ಲಿ ತೂಕ ಕೇಳಿದರೆ ಸಂಕೋಚಪಡದೆ ನಿಜ ಹೇಳಿ. ಕೇಳದಿದ್ದರೆ ನೀವೇ ಮುಂದಾಗಿ ಹೇಳಿ, ‘ಇದಕ್ಕೆ ಹೊಂದುವ ದೋಣಿ ಕೊಡಿ’ ಎನ್ನಿ. ಮೂರು ಕೆ.ಜಿ. ಕಡಿಮೆ ಮಾಡಿ ಹೇಳಿದರೆ ಮನುಷ್ಯರು ನಂಬಿಯಾರು, ನೀರು ನಂಬುವುದಿಲ್ಲ.